ಪಿಕಾರ್ಡಿಯ ಸೊಸೆ ಬರೆದ ಕಾಗದಗಳು

ಮೊನ್ನೆ ಜೂನಿನ ಚಳಿ ಶುರುವಾಯಿತೆಂದು ಸ್ವೆಟರುಗಳ ಟ್ರಂಕ್ ತೆರೆದೆ. ನೈರೋಬಿಯಲ್ಲಿ ಚಳಿಯೇ ಎಂದು ಊರಿನವರು ನಗುತ್ತಾರೆ. ಆಫ್ರಿಕಾದಲ್ಲಿ ಕೂತು ಸ್ವೆಟರ್ ಹಾಕಿಕೊಳ್ಳುವವರನ್ನು ಅವರು ನಂಬುವುದಿಲ್ಲ. ಜುಲೈ ತಿಂಗಳಲ್ಲಿ ಲಂಗಾಟಾದ ನಮ್ಮ ಮನೆಗೆ ಬಂದು ಒಂದು ವಾರ ಇದ್ದು ನೋಡಲಿ. ಮುಚ್ಚಳ ಎತ್ತುತ್ತಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಹಳೆಯ ಕಾಗದದ ವಾಸನೆಯೂ ಬಂದಂತಾಯಿತು. ನನ್ನ ಟ್ರಂಕಿನಲ್ಲಿ ಕಾಗದವೇ ಇರಲಿಲ್ಲ. ಆ ಎರಡನೆಯ ವಾಸನೆ ನ್ಗಾರಾದ ಆಲಿಸ್ ಬಾಯಿಯ ಮನೆಯದು. ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು ಮಂಚದ ತುದಿಯಲ್ಲಿ ಕೂತೆ. ಆ ವರ್ಷದ ಮಳೆಗಾಲವೆಲ್ಲ ಒಂದೊಂದಾಗಿ ನೆನಪಾಗುತ್ತಾ ಹೋಯಿತು.

ನಾನು ಫ್ರೆಂಚ್ ಟೀಚರು. ಮೈಸೂರಿನವಳು. ನೈರೋಬಿಯ ಶಾಲೆಯೊಂದರಲ್ಲಿ ಗುಜರಾತಿ, ಪಂಜಾಬಿ, ಕಿಕುಯು ಮಕ್ಕಳಿಗೆ ಫ್ರೆಂಚ್ ಕಲಿಸುತ್ತಾ ಇಪ್ಪತ್ತು ವರ್ಷ ದಾಟಿಸಿದವಳು. ಫ್ರಾನ್ಸನ್ನು ಮಾತ್ರ ಇವತ್ತಿನವರೆಗೂ ಕಣ್ಣಾರೆ ಕಂಡಿಲ್ಲ. ನನ್ನ ಗಂಡ ರಾಘು ಇಲ್ಲಿನ ಔಷಧಿ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. “ಇವಳು ಹೋಟ್ಲು ನೋಡ್ದೆ ಮೆನು ಬಾಯಿಪಾಠ ಮಾಡ್ದೋಳು” ಎಂದು ಬಂದ ನೆಂಟರ ಮುಂದೆಲ್ಲ ಹೇಳಿ ನಗಿಸುತ್ತಾರೆ. ನಾನೂ ನಗುತ್ತೇನೆ. ಒಳಗೊಳಗೇ ಸ್ವಲ್ಪ ಉರಿಯುತ್ತದೆ.

ಆ ವರ್ಷ ನನ್ನ ತರಗತಿಯಿಂದ ಹನ್ನೊಂದು ಮಕ್ಕಳು ದೊಡ್ಡ ಪರೀಕ್ಷೆಗೆ ಕೂತಿದ್ದರು. ಮೌಖಿಕ ಪರೀಕ್ಷೆಯಲ್ಲಿ ಒಬ್ಬೊಬ್ಬರು ಫ್ರಾನ್ಸಿನ ಒಂದೊಂದು ಪ್ರಾಂತ್ಯವನ್ನು ಆರಿಸಿಕೊಂಡು, ಯುದ್ಧದಲ್ಲಿ, ಇತಿಹಾಸದಲ್ಲಿ, ಸಾಹಿತ್ಯದಲ್ಲಿ ಅದರ ಸ್ಥಾನವೇನು ಎಂದು ಹತ್ತು ನಿಮಿಷ ಮಾತಾಡಬೇಕಿತ್ತು. ಸಮುದ್ರವಿರುವ, ದ್ರಾಕ್ಷಿತೋಟವಿರುವ ಪ್ರಾಂತ್ಯಗಳು ಮೊದಲ ಐದು ನಿಮಿಷದಲ್ಲೇ ಖಾಲಿಯಾದವು. ಉಳಿದದ್ದು ಪಿಕಾರ್ಡಿ. ಪ್ಯಾರಿಸ್ಸಿನ ಉತ್ತರಕ್ಕೆ, ಸೊಮ್ ನದಿಯ ಎರಡೂ ದಂಡೆಗೆ ಹರಡಿಕೊಂಡ ಬಯಲು. ಗೋಧಿ, ಸಕ್ಕರೆ ಬೀಟ್, ಮಂಜು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದಕ್ಕೆ ಒಂದೂವರೆ ಪುಟ. ಮಧ್ಯಯುಗದಲ್ಲಿ ಇಂಗ್ಲಿಷ್ ಬಿಲ್ಲುಗಾರರು ಫ್ರೆಂಚ್ ಸರದಾರರಿಗೆ ಮಣ್ಣು ಮುಕ್ಕಿಸಿದ್ದು ಅಲ್ಲಿ. ಆಮಿಯೆಂ ನಗರದ ಆ ಮಹಾ ಚರ್ಚು ಎದ್ದದ್ದು ಅಲ್ಲಿ. ಮೊದಲ ಮಹಾಯುದ್ಧದಲ್ಲಿ ಒಂದೇ ಬೇಸಿಗೆಯ ಒಂದೇ ದಿನದಲ್ಲಿ ಸಾವಿರ ಸಾವಿರ ಹುಡುಗರು ಸತ್ತದ್ದು ಅಲ್ಲಿ. ಆ ಯುದ್ಧ ನಿಲ್ಲಿಸುವ ಕಾಗದಕ್ಕೆ ಸಹಿ ಬಿದ್ದದ್ದೂ ಅಲ್ಲಿನ ಕಾಡೊಂದರಲ್ಲಿ ನಿಂತಿದ್ದ ರೈಲು ಡಬ್ಬಿಯಲ್ಲಿ. ಸಾಹಿತ್ಯ ಎಂಬ ತಲೆಬರಹದ ಕೆಳಗೆ, ಕಂದಕದಲ್ಲಿ ಕೂತು ಕವಿತೆ ಬರೆದವರು ಎಂದು ಒಂದೇ ಸಾಲು ಗೀಚಿಟ್ಟಿದ್ದೆ.

“ಯಾರಿಗೆ ಬೇಕಪ್ಪಾ ಪಿಕಾರ್ಡಿ?” ಎಂದೆ. ಹಿಂದಿನ ಬೆಂಚಿನ ಮೆಲಿಸಾ ಕೈ ಎತ್ತಿದಳು. ಮೂರು ತಲೆಮಾರಿನಿಂದ ನೈರೋಬಿಯಲ್ಲೇ ಇರುವ ಮಂಗಳೂರು ಕಡೆಯ ಕ್ರಿಶ್ಚಿಯನ್ ಮನೆತನದ ಹುಡುಗಿ. “ಮೈ ಗ್ರ್ಯಾಂಡ್ ಆಂಟ್ ಹ್ಯಾಸ್ ಲೆಟರ್ಸ್ ಫ್ರಮ್ ದೇರ್, ಮದಾಮ್. ಎ ಟ್ರಂಕ್ ಫುಲ್. ನೋಬಡಿ ಕ್ಯಾನ್ ರೀಡ್ ದೆಮ್” ಎಂದಳು. ಅಂಕಕ್ಕಾಗಿ ಮಕ್ಕಳು ಏನೇನೋ ಹೇಳುತ್ತಾರೆ ಎಂದುಕೊಂಡೆ. ಆದರೂ ಮಾರ್ಚ್ ಕೊನೆಯ ಶನಿವಾರ ಮಧ್ಯಾಹ್ನ ಅವಳ ಜೊತೆ ನ್ಗಾರಾಕ್ಕೆ ಹೊರಟೆ.

ದೊಡ್ಡ ಮಳೆ ಹಿಡಿದುಕೊಂಡ ವಾರ ಅದು. ಲಂಗಾಟಾದಿಂದ ನ್ಗಾರಾಕ್ಕೆ ಅರ್ಧ ಗಂಟೆಯ ದಾರಿ, ಮಳೆ ಬಂದರೆ ಎರಡು ಗಂಟೆ. ನಗರದ ನಡುಭಾಗದ ಸಿಬಿಡಿ ದಾಟುವ ಹೊತ್ತಿಗೆ ಮಟಾಟು ಎಂಬ ಬಾಡಿಗೆ ವ್ಯಾನುಗಳು ಫುಟ್‌ಪಾತಿನ ಮೇಲೇ ಓಡುತ್ತಿದ್ದವು. ಸಗಟು ಅಂಗಡಿಗಳ ಸಾಲಿನ ಹಿಂದೆ ಒಂದು ಗಲ್ಲಿ, ಗಲ್ಲಿಯ ಕೊನೆಗೆ ಕಲ್ಲಿನ ಗೋಡೆಯ, ತಗಡಿನ ಮಾಡಿನ ಹಳೆಯ ಮನೆ. ಈಗ ಅದನ್ನು ಕೆಡವಿ ಆರು ಮಹಡಿ ಎಬ್ಬಿಸಿದ್ದಾರೆ.

ಆಲಿಸ್ ಬಾಯಿ ಮೆಲಿಸಾಳ ಅಜ್ಜನ ಅಕ್ಕ. ಬಾಯಿ ಎಂದರೆ ಕೊಂಕಣಿಯಲ್ಲಿ ಅಕ್ಕ. ಆ ಗಲ್ಲಿಯ ಗುಜರಾತಿ ಅಂಗಡಿಯವರೂ, ಮನೆಗೆಲಸದ ವಂಜಿಕು ಕೂಡ ಅವರನ್ನು ಹಾಗೆಯೇ ಕರೆಯುತ್ತಿದ್ದರು. ತೊಂಬತ್ತು ವಯಸ್ಸು, ಮದುವೆಯಾಗಿಲ್ಲ, ನಲವತ್ತು ವರ್ಷ ಚಿಕ್ಕ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ನನ್ನನ್ನು ಕೂರಿಸಿ ಮುಖವನ್ನೇ ನೋಡಿದರು.

“ನೀನು ಮೈಸೂರಿನವಳಂತೆ. ನನ್ನ ಹತ್ರ ಕನ್ನಡ ಮಾತಾಡು. ಇಂಗ್ಲಿಷ್ ಇಲ್ಲಿ ಇಡೀ ದಿನ ಉಂಟು.”

“ನಿಮ್ಮ ಕನ್ನಡ ಮಂಗಳೂರಿಂದು ಅಲ್ವಾ, ಬಾಯಿ?”

“ಪಪ್ಪಾನದ್ದು. ನಾನು ಮಂಗಳೂರು ನೋಡಿದವಳಲ್ಲ. ಮಾಯ್ ಜಂಜಿಬಾರಿನಲ್ಲಿ ಹುಟ್ಟಿದ ಗೋವಾದವರು, ಅವರಿಗೆ ಕನ್ನಡ ಬರ್ತಿರ್ಲಿಲ್ಲ. ಪಪ್ಪಾ ನನ್ನನ್ನು ತೊಡೆ ಮೇಲೆ ಕೂರಿಸಿ ಸ್ಲೇಟಿನಲ್ಲಿ ಅಕ್ಷರ ಬರೆಸಿದ್ದು. ಹದಿನಾರು ವರ್ಷದವರೆಗೆ ನಾವಿಬ್ರೇ ಈ ಮನೆಯಲ್ಲಿ ಕನ್ನಡದವರು.”

“ಹದಿನಾರರವರೆಗೆ ಅಂದ್ರೆ?”

“ಆಮೇಲೆ ಅವರು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ. ಅವರು ಸಾಯುವವರೆಗೂ.”

ಹಾಗೆ ಹೇಳಿ ವಂಜಿಕುವಿನಿಂದ ಟ್ರಂಕ್ ಎಳೆಸಿದರು. ಅಪ್ಪನ ಹೆಸರು ಲಾರೆನ್ಸ್. ಬೆಂಗಳೂರಿನ ದಂಡಿನಲ್ಲಿ ಡ್ರೆಸ್ಸರ್, ಅಂದರೆ ಸಿಪಾಯಿಗಳ ಗಾಯ ತೊಳೆದು ಪಟ್ಟಿ ಕಟ್ಟುವವರು. ಮೊದಲ ಯುದ್ಧದಲ್ಲಿ ಕುದುರೆ ಪಡೆಯ ಆಸ್ಪತ್ರೆಯ ಜೊತೆ ಫ್ರಾನ್ಸಿಗೆ ಹೋದರು. ಯುದ್ಧ ಮುಗಿದ ಮೇಲೆ ಏಳೆಂಟು ವರ್ಷ ಎಲ್ಲಿದ್ದರೋ ಯಾರಿಗೂ ಗೊತ್ತಿಲ್ಲ. ಆಮೇಲೆ ನೈರೋಬಿಗೆ ಬಂದು ಆಸ್ಪತ್ರೆಯೊಂದರಲ್ಲಿ ಕಂಪೌಂಡರ್ ಆದರು, ಮದುವೆಯಾದರು, ಎರಡು ಮಕ್ಕಳಾದವು. ಆಲಿಸ್ ಬಾಯಿಗೆ ಹದಿನಾರು ತುಂಬಿದ ವರ್ಷ ಅವರ ತಾಯಿ ಈ ಟ್ರಂಕಿನಿಂದ ಒಂದು ಕಾಗದ ತೆಗೆದುಕೊಂಡು ಹೋಗಿ ಫ್ರೆಂಚ್ ಬಲ್ಲ ಸನ್ಯಾಸಿನಿಯೊಬ್ಬರಿಂದ ಓದಿಸಿದರು. ಪ್ರೀತಿಯ ಅಮ್ಮನಿಗೆ, ನಿಮ್ಮ ಮಗ ಚೆನ್ನಾಗಿದ್ದಾನೆ, ಮಗಳೂ ಚೆನ್ನಾಗಿದ್ದಾಳೆ, ಇಂತಿ ನಿಮ್ಮ ಸೊಸೆ ಎಂದು ಅದರಲ್ಲಿತ್ತು.

“ಮಾಯ್ ಮನೆಗೆ ಬಂದು ಪಪ್ಪಾನನ್ನು ಕೇಳಿದ್ರು. ಪಪ್ಪಾ ಒಂದು ಮಾತಾಡ್ಲಿಲ್ಲ. ಎದ್ದು ಹೋಗಿ ವೆರಾಂಡದಲ್ಲಿ ಕೂತ್ರು. ಅಷ್ಟೇ. ಆಮೇಲೆ ಹದಿನೈದು ವರ್ಷ ಮಾಯ್ ಬದುಕಿದ್ರು. ಒಂದೇ ಮೇಜಿನಲ್ಲಿ ಊಟ. ಉಪ್ಪು ಕೊಡಿ ಅಂತ ಸಹ ನನ್ನ ಮೂಲಕ ಹೇಳಿಸ್ತಿದ್ರು.”

“ಇಷ್ಟು ವರ್ಷ ಯಾಕೆ ಓದಿಸ್ಲಿಲ್ಲ ನೀವು?”

“ಓದಿಸಿದ್ರೆ ನಿಜ ಆಗ್ತದಲ್ಲ, ಮಾರಾಯ್ತಿ.” ಟ್ರಂಕಿನ ಚಿಲಕ ತೆಗೆಯುತ್ತಾ ಹೇಳಿದರು, “ಈಗ ನಿಜ ಆದ್ರೂ ಅಡ್ಡಿಯಿಲ್ಲ. ನನಗೊಬ್ಬಳು ಅಕ್ಕ ಇದ್ದಾಳೆ ಫ್ರಾನ್ಸಿನಲ್ಲಿ. ಅವಳ ಹೆಸರು ಗೊತ್ತಾಗ್ಬೇಕು, ಊರು ಗೊತ್ತಾಗ್ಬೇಕು. ಸಾಯುವ ಮೊದಲು ಒಂದು ಕಾಗದ ಹಾಕ್ಬೇಕು.”

“ಇದ್ದಿದ್ರೂ ಅವರಿಗೆ ನೂರು ದಾಟಿರತ್ತೆ, ಬಾಯಿ.”

“ಮಕ್ಕಳಿರ್ಲಿಕ್ಕಿಲ್ವಾ ಅವಳಿಗೆ? ಮೊಮ್ಮಕ್ಕಳು?” ಎಂದರು. ಆ ಅಕ್ಕನ ಮೇಲೆ ಅವರಿಗೆ ಒಂದು ಕಾಲಕ್ಕೆ ದ್ವೇಷವಿತ್ತಂತೆ. ವಯಸ್ಸಾಗುತ್ತಾ ಅದು ಕರಗಿ, ಈಗ ಯಾರ ಮೇಲೂ ಇಲ್ಲದಷ್ಟು ಆಸೆ ಅವಳ ಮೇಲೆ ಬೆಳೆದಿತ್ತು. ತಮ್ಮ ಹೋಗಿ ಆರು ವರ್ಷವಾಗಿತ್ತು. ತನ್ನ ಓರಗೆಯ ಒಂದು ಜೀವ ಎಲ್ಲೋ ಇದೆ ಎಂಬುದೇ ಅವರಿಗೆ ಉಳಿದಿದ್ದ ಬಂಧು.

ಟ್ರಂಕಿನಲ್ಲಿ ಎರಡು ಬಗೆಯ ಕಾಗದಗಳಿದ್ದವು. ಒಂದು, ದಪ್ಪ ಹಾಳೆಯಲ್ಲಿ ನೀಲಿ ಮಸಿಯಿಂದ ಮುತ್ತಿನಂತೆ ಬರೆದ ಹನ್ನೊಂದು ಪತ್ರ. ಇನ್ನೊಂದು, ಬಿಸ್ಕೆಟ್ ಡಬ್ಬದಲ್ಲಿ ತುರುಕಿದ ಚೀಟಿಗಳು, ಮಾಸಿದ ಪೆನ್ಸಿಲ್ ಬರಹ. ದಿನಸಿ ಲೆಕ್ಕವೋ ಏನೋ, ಆಮೇಲೆ ನೋಡೋಣ ಎಂದು ಅವನ್ನು ಬದಿಗಿಟ್ಟೆ. ನಾನು ಉತ್ತರಪತ್ರಿಕೆ ತಿದ್ದುವಾಗಲೂ ಹಾಗೆಯೇ. ಅಕ್ಷರ ದುಂಡಗಿರುವ ಮಕ್ಕಳದು ಮೊದಲು, ಕೋಳಿಕಾಲಿನವರದು ಕೊನೆಗೆ. ಇಪ್ಪತ್ತು ವರ್ಷದ ಈ ಅಭ್ಯಾಸದಿಂದ ಯಾರಿಗೂ ಕೇಡಾಗಿರಲಿಲ್ಲ.

ಹೀಗೆ ಏಪ್ರಿಲ್ ತಿಂಗಳ ಶನಿವಾರಗಳು ಶುರುವಾದವು. ಮಳೆ ಜೋರಾದರೆ ತಗಡಿನ ಸದ್ದಿಗೆ ಏನೂ ಕೇಳುತ್ತಿರಲಿಲ್ಲ, ನಿಲ್ಲುವವರೆಗೆ ಓದು ನಿಲ್ಲಿಸಿ ವಂಜಿಕು ಕೊಟ್ಟ ಶುಂಠಿ ಚಹಾ ಕುಡಿಯುತ್ತಿದ್ದೆವು. ನಾನು ಫ್ರೆಂಚಿನಲ್ಲಿ ಒಂದು ಸಾಲು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಮೆಲಿಸಾ ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದಳು. ಪತ್ರಗಳಿಗೆ ಇಸವಿಯಿರಲಿಲ್ಲ. ಗೋಧಿ ಕೊಯ್ಲಿನ ವಾರ, ಸಂತರ ಹಬ್ಬದ ಮರುದಿನ ಎಂದಷ್ಟೇ ಇತ್ತು. ಬರೆದವಳ ಹೆಸರು ಮಾರಿ. ಆಮಿಯೆಂ ನಗರದ ಪಶ್ಚಿಮಕ್ಕಿದ್ದ, ಗುಂಡು ಬೀಳದೆ ಉಳಿದ ಒಂದು ಹಳ್ಳಿಯ ರೈತ ಹೆಂಗಸು.

ಎಂಥ ಪತ್ರಗಳವು. ನನ್ನ ಒಂದೂವರೆ ಪುಟದಲ್ಲಿ ಆ ನೆಲದ ರಾಜರಿದ್ದರು, ಸೇನಾಪತಿಗಳಿದ್ದರು. ಅಲ್ಲಿ ಒಂದು ಒಲೆಯಿರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. “ಅಮ್ಮಾ, ನಿಮ್ಮ ಮಗನಿಗೆ ನಮ್ಮ ಬ್ರೆಡ್ಡು ಸೇರುವುದಿಲ್ಲ. ಪಟ್ಟಣದಿಂದ ಅಕ್ಕಿ ತಂದ ದಿನ ಒಲೆಯ ಹತ್ತಿರ ನನ್ನನ್ನು ಬಿಡುವುದಿಲ್ಲ” ಎಂದು ಬರೆದಿದ್ದಳು. “ಚಳಿಗೆ ಬೆರಳು ಮರಗಟ್ಟಿ ಅವನಿಂದ ಬರೆಯಲಾಗುವುದಿಲ್ಲ, ಅವನು ಹೇಳಿದ್ದನ್ನು ನಾನು ಬರೆಯುತ್ತೇನೆ. ಮೊದಲ ಹಿಮ ಬಿದ್ದ ದಿನ ಅಂಗಳಕ್ಕೆ ಓಡಿ ಬಾಯಿ ತೆರೆದುಕೊಂಡು ನಿಂತ. ನಮ್ಮ ಚರ್ಚಿನಲ್ಲಿ ಮೊದಲ ಭಾನುವಾರ ಜನ ಅವನನ್ನು ತಿರುಗಿ ತಿರುಗಿ ನೋಡಿದರು. ಪೂಜೆ ಶುರುವಾದ ಮೇಲೆ ಲ್ಯಾಟಿನ್ ಮಂತ್ರಗಳಿಗೆಲ್ಲ ಅವನು ನಮಗಿಂತ ಸ್ಪಷ್ಟವಾಗಿ ಉತ್ತರ ಕೊಟ್ಟ. ಮುದುಕ ಪಾದ್ರಿ ಓದುವುದನ್ನು ಮರೆತು ನಿಂತುಬಿಟ್ಟರು.” ಇದನ್ನು ಓದಿ ಹಾಳೆಯನ್ನು ಕೆಳಗಿಟ್ಟೆ. ಮಂಗಳೂರಿನ ಯಾವುದೋ ಇಗರ್ಜಿಯಲ್ಲಿ ಕಲಿತ ಮಂತ್ರ ಪಿಕಾರ್ಡಿಯ ಬೀಟ್ ಹೊಲದ ಪಕ್ಕದಲ್ಲಿ ಹೋಗಿ ಉತ್ತರವಾಗುವುದೆಂದರೆ ಏನು?

ಆ ಯುದ್ಧ ನಮ್ಮಿಂದ ದೂರದ್ದೆಂದು ನಾನು ಪಾಠ ಮಾಡುತ್ತಾ ಬಂದಿದ್ದೆ. ಹಾಗಂದಾಗ ಆಲಿಸ್ ಬಾಯಿ ನಕ್ಕರು. “ವಂಜಿಕು ಬುಟ್ಟಿ ತರುವ ಕಾರಿಯೊಕೋರ್ ಮಾರ್ಕೆಟ್ ಉಂಟಲ್ಲ ಇಲ್ಲೇ ಹಿಂದೆ, ಆ ಹೆಸರು ಯಾರದ್ದು ಗೊತ್ತುಂಟಾ? ಅದೇ ಯುದ್ಧಕ್ಕೆ ಹೊರೆ ಹೊರ್ಲಿಕ್ಕೆ ಹಿಡ್ಕೊಂಡು ಹೋದ ಆಫ್ರಿಕನರ ಕ್ಯಾರಿಯರ್ ಕೋರಿನದ್ದು” ಎಂದರು. ವಂಜಿಕು ಬಾಗಿಲಲ್ಲಿ ನಿಂತು, ತನ್ನ ಮುತ್ತಜ್ಜನೂ ಹೋಗಿದ್ದನಂತೆ, ತಿರುಗಿ ಬರಲಿಲ್ಲವಂತೆ ಎಂದಳು. ಇಪ್ಪತ್ತು ವರ್ಷ ಆ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿದ್ದ ನನಗೆ ಇದು ತಿಳಿದಿರಲಿಲ್ಲ. ಆ ಯುದ್ಧದ ಪಾಠ ಮಾಡುವವಳ ಮುಖ ಸಣ್ಣದಾಯಿತು.

ಮೂರನೆಯ ಶನಿವಾರ ಮಗುವಿನ ಸುದ್ದಿ ಬಂತು. “ಅಮ್ಮಾ, ನಿಮಗೆ ಮೊಮ್ಮಗಳು ಹುಟ್ಟಿದ್ದಾಳೆ. ಕಣ್ಣು ನಿಮ್ಮ ಮಗನದು, ದೊಡ್ಡವು, ಕಪ್ಪು. ಆಲಿಸ್ ಎಂದು ಹೆಸರಿಟ್ಟಿದ್ದೇವೆ.”

ನಾನು ಓದಿಬಿಟ್ಟ ಮೇಲೆ ಆ ಹೆಸರು ನನ್ನ ತಲೆಗೆ ಹೋಯಿತು. ಆಲಿಸ್ ಬಾಯಿ ಕಿವಿಯನ್ನು ನನ್ನತ್ತ ತಂದರು.

“ಇನ್ನೊಮ್ಮೆ ಓದು.”

ಓದಿದೆ.

“ಅವಳ ಹೆಸರನ್ನೇ ತಂದು ನನಗೆ ಇಟ್ಟ” ಎಂದರು. ಅಷ್ಟು ದಿನ ಪಪ್ಪಾನನ್ನು ಅವರು ಎಂದವರು ಏಕವಚನಕ್ಕೆ ಇಳಿದಿದ್ದರು. “ಮಾಯ್ ನನ್ನನ್ನು ಆ ವರ್ಷದಿಂದ ಬೇಬಿ ಅಂತಲೇ ಕರೆದದ್ದು. ಯಾಕೆ ಅಂತ ಈಗ ಗೊತ್ತಾಯ್ತು, ಆ ಸನ್ಯಾಸಿನಿ ಹೆಸರನ್ನೂ ಓದಿರ್ಬೇಕು. ನಾನು ಇನ್ನೊಬ್ಬಳ ಹಳೇ ಅಂಗಿ ಹಾಕ್ಕೊಂಡು ತೊಂಬತ್ತು ವರ್ಷ ತಿರುಗಿದೆ.” ಗೋಡೆಯ ಮೇಲಿದ್ದ ತಂದೆಯ ಫೋಟೋ ತೆಗೆಯಲು ವಂಜಿಕುವಿಗೆ ಹೇಳಿದರು. ಅವಳು ಸ್ಟೂಲ್ ತಂದು ತೆಗೆದಳು. ಗೋಡೆಯಲ್ಲಿ ಒಂದು ಬಿಳಿ ಚೌಕ ಉಳಿಯಿತು.

ಮುಂದಿನ ಎರಡು ಶನಿವಾರ ನನಗೆ ಕರೆ ಬರಲಿಲ್ಲ. ನಾನು ಫೋನ್ ಮಾಡಿದರೆ ವಂಜಿಕು “ಬಾಯಿ ಮಲಗಿದ್ದಾರೆ” ಎನ್ನುತ್ತಿದ್ದಳು. ಸರಿಯಾಗಿ ಊಟ ಮಾಡುತ್ತಿಲ್ಲವೆಂದು ಮೆಲಿಸಾ ಹೇಳಿದಳು. ನನಗೆ ಮನೆಯಲ್ಲಿ ಕೂತಲ್ಲಿ ನಿಂತಲ್ಲಿ ಸಮಾಧಾನವಿಲ್ಲ. “ನೀನು ಓದಿದ್ದು ತಪ್ಪೇನೇ? ಇದ್ದಿದ್ದು ಓದ್ದೆ” ಎಂದರು ರಾಘು. ಇದ್ದದ್ದನ್ನು ಓದಿದೆ ನಿಜ. ಆದರೆ ತಾಯಿಗೆ ಬರೆದ ಪತ್ರಗಳು ತಾಯಿಯ ಮನೆಯಲ್ಲಿರುವ ಬದಲು ಮಗನ ಟ್ರಂಕಿನಲ್ಲಿ ಏಕಿವೆ ಎಂಬ ಸೀದಾ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ. ಎಂಟನೇ ತರಗತಿಯ ಮಗುವಾದರೂ ಕೇಳುತ್ತಿತ್ತು.

ಮೇ ತಿಂಗಳ ಮೊದಲ ವಾರ ಮೆಲಿಸಾ ಸ್ಟಾಫ್ ರೂಮಿಗೆ ಬಂದಳು. ಬಿಸ್ಕೆಟ್ ಡಬ್ಬದ ಚೀಟಿಗಳನ್ನು ಫೋನಿನಲ್ಲಿ ಫೋಟೋ ತೆಗೆದು, ಬೆಳಕು ಹೆಚ್ಚು ಮಾಡಿ, ಹಿಗ್ಗಿಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದ್ದಳಂತೆ. ಪರೀಕ್ಷೆಗೆ ಏನಾದರೂ ಸಿಗುತ್ತದೆಯೇ ಎಂದು. ಫೋನನ್ನು ನನ್ನ ಮುಂದೆ ಹಿಡಿದು ಕೇಳಿದಳು, “ಮದಾಮ್, ಹೂ ಈಸ್ ಸಾಲ್ವದೊರ್?”

ಆ ಮಧ್ಯಾಹ್ನ ನಾನು ಎರಡು ಪೀರಿಯಡ್ ತಪ್ಪಿಸಿದೆ. ಹನ್ನೊಂದು ಪತ್ರಕ್ಕೆ ಹನ್ನೊಂದು ಚೀಟಿ. ಒಂದೊಂದು ಪತ್ರದ ಒಳಗೆ ಮಡಚಿ ಬಂದವು, ಲಾರೆನ್ಸ್ ಒಬ್ಬನ ಕಣ್ಣಿಗೆಂದೇ ಬರೆದವು. ಒಂದಕ್ಕೊಂದು ಜೋಡಿಸಿದಾಗ ಕಥೆ ಬಿಚ್ಚಿಕೊಂಡಿತು. ಸಾಲ್ವದೊರ್ ಅವನ ತಮ್ಮ. ಹತ್ತೊಂಬತ್ತು ವರ್ಷ. ಅಡುಗೆಮನೆಗೆ ಗುಂಡು ಬರುವುದಿಲ್ಲ, ಬಾ ಎಂದು ಅಣ್ಣನೇ ಅಮ್ಮನನ್ನು ಒಪ್ಪಿಸಿ ಆಸ್ಪತ್ರೆಯ ಅಡುಗೆಯವನಾಗಿ ಕರೆದುಕೊಂಡು ಹೋಗಿದ್ದ. ಕುದುರೆ ಪಡೆಯವರು ಚಳಿಗಾಲಕ್ಕೆ ಆ ಹಳ್ಳಿಯಲ್ಲಿ ತಂಗಿದಾಗ ಇಬ್ಬರೂ ಮಾರಿಯ ಮನೆಯಲ್ಲಿದ್ದರು. ಅವಳ ಗಂಡ ಯುದ್ಧದ ಮೊದಲ ವರ್ಷವೇ ಸತ್ತಿದ್ದ, ಹೆಣ ಸಿಕ್ಕಿರಲಿಲ್ಲ, ಮಕ್ಕಳಿರಲಿಲ್ಲ. ಗುಂಡು ಬರಲಿಲ್ಲ. ಎರಡನೆಯ ಚಳಿಗಾಲದಲ್ಲಿ ನ್ಯುಮೋನಿಯ ಬಂತು. ಸಾಲ್ವದೊರ್ ಆ ಮನೆಯ ಮಹಡಿಯ ಕೋಣೆಯಲ್ಲಿ ಸತ್ತ. ಹಳ್ಳಿಯ ಚರ್ಚಿನ ಹಿಂದೆ ಮಣ್ಣು ಮಾಡಿದರು.

ದಂಡಿನ ದಾಖಲೆಯಲ್ಲಿ ಹತ್ತಿರದ ಸಂಬಂಧಿ ಎಂದು ಇದ್ದದ್ದು ಅಣ್ಣನ ಹೆಸರೇ. ಹಾಗಾಗಿ ಮಂಗಳೂರಿಗೆ ತಿಳಿಸಬೇಕಾದವನೂ ಅವನೇ. ಅವನಿಂದ ಆಗಲಿಲ್ಲ. ತಮ್ಮ ಫ್ರಾನ್ಸಿನಲ್ಲೇ ಮದುವೆಯಾಗಿ ಉಳಿದ ಎಂದು ಅಮ್ಮನಿಗೆ ಬರೆದ. ಆಮೇಲೆ ಆ ಸುಳ್ಳಿಗೆ ಒಬ್ಬ ಸೊಸೆ ಬೇಕಾದಳು. ಮಾರಿ ಒಪ್ಪಿಕೊಂಡಳು. ಅವಳು ಬರೆದ ಪತ್ರಗಳನ್ನು ಅವನು ಕನ್ನಡ ಅಕ್ಷರದ ಕೊಂಕಣಿಗೆ ಇಳಿಸಿ ಊರಿಗೆ ಕಳಿಸುತ್ತಿದ್ದ. ಫ್ರೆಂಚ್ ಪ್ರತಿ ಅವನಲ್ಲೇ ಉಳಿಯುತ್ತಿತ್ತು. ಊರಿಗೆ ಹೋದರೆ ಅಮ್ಮನ ಮುಖ ನೋಡಬೇಕಲ್ಲ ಎಂದು ಬಸ್ರಾದಲ್ಲಿ, ಹಡಗುಗಳಲ್ಲಿ, ಸಿಕ್ಕ ಸಿಕ್ಕ ಆಸ್ಪತ್ರೆಗಳಲ್ಲಿ ಆ ವರ್ಷಗಳನ್ನು ಕಳೆದ.

ಚೀಟಿಗಳಲ್ಲಿ ಮಾರಿ ಬೇರೆಯೇ ಹೆಂಗಸು. “ಈ ಸಲ ಶಿಲುಬೆಗೆ ಹೊಸ ಬಣ್ಣ ಬಳಿದೆ. ನನ್ನ ಗಂಡನಿಗೆ ಸಮಾಧಿಯಿಲ್ಲ, ಸಾಲ್ವದೊರನ ಹತ್ತಿರ ಕೂತು ಇಬ್ಬರಿಗೂ ಅಳುತ್ತೇನೆ.” “ಹೆತ್ತ ತಾಯಿ ಮಗನ ಆತ್ಮಕ್ಕೆ ಪ್ರಾರ್ಥನೆ ಮಾಡದ ಹಾಗೆ ಮಾಡಿದೆ, ಇದು ಪಾಪವೇ ಎಂದು ಪ್ರತಿ ವರ್ಷ ಕೇಳುತ್ತೀರಿ. ಪಾದ್ರಿಯನ್ನು ಕೇಳಲು ನನಗೆ ಧೈರ್ಯವಿಲ್ಲ. ಸಾಕಿಕೊಂಡ ಕೋಳಿಯ ವಿಷಯ ಬರೆದರೆ ಅವರು ಸಂತೋಷಪಡುತ್ತಾರೆ ಎಂದಿರಿ, ಅದಕ್ಕೆ ಕೋಳಿಯ ವಿಷಯ ಬರೆದಿದ್ದೇನೆ.” ಮತ್ತು ಆರನೆಯ ಚೀಟಿ: “ಮಗು ಬೇಡ, ಅಮ್ಮ ಫೋಟೋ ಕೇಳುತ್ತಾರೆ ಎಂದು ನೀವು ಬರೆದಿದ್ದಿರಿ. ಕ್ಷಮಿಸಿ, ಬರೆದುಬಿಟ್ಟೆ. ಪೆನ್ನು ಅಲ್ಲಿಗೆ ಬಂದಾಗ ನಿಲ್ಲಿಸಲು ನನ್ನಿಂದ ಆಗಲಿಲ್ಲ. ಅವಳ ಹೆಸರು ಆಲಿಸ್.”

ಫೋನ್ ಕೆಳಗಿಟ್ಟೆ. ದಖ್ಖನ್ನಿನ ಸವಾರರು ಈಟಿ ಹಿಡಿದು ಬೆಳೆದು ನಿಂತ ಗೋಧಿಯಲ್ಲಿ ಮಷಿನ್ ಗನ್ನಿಗೆ ಎದುರಾಗಿ ನುಗ್ಗಿದ ನೆಲ ಅದು. ಐನೂರು ವರ್ಷಕ್ಕೊಮ್ಮೆ ಯಾರೋ ಬಂದು ಯಾರನ್ನೋ ಕೊಂದು ಹೋದ ನೆಲ. ಆ ನೆಲದಲ್ಲಿ ಒಬ್ಬ ಹೆಂಗಸು, ಶಾಲೆಯನ್ನು ನೆಟ್ಟಗೆ ಮುಗಿಸದವಳು, ತಾನೆಂದೂ ನೋಡದ ಊರಿನ ಮುದುಕಿಯೊಬ್ಬಳಿಗಾಗಿ ಸತ್ತ ಹುಡುಗನಿಗೆ ಎಂಟು ವರ್ಷ ಬದುಕು ಬರೆದಿದ್ದಳು. ಅವನಿಗೆ ದನ ಕೊಟ್ಟಳು, ಜ್ವರ ಕೊಟ್ಟು ವಾಸಿ ಮಾಡಿದಳು, ಮಗಳನ್ನು ಕೊಟ್ಟಳು. ಪಿಕಾರ್ಡಿಯ ಸಾಹಿತ್ಯಕ್ಕೆ ನಾನು ಒಂದು ಸಾಲು ಮೀಸಲಿಟ್ಟಿದ್ದೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಕೈಮುಗಿಯಬೇಕೆನ್ನಿಸಿತು.

ಆಮೇಲೆ ಭಯವಾಯಿತು. ಆಲಿಸ್ ಬಾಯಿಗೆ ತಂದೆಯನ್ನು ವಾಪಸು ಕೊಡಬಹುದಿತ್ತು, ಆದರೆ ಅಕ್ಕನನ್ನು ಕಿತ್ತುಕೊಳ್ಳಬೇಕಿತ್ತು.

ಶನಿವಾರ ಕರೆ ಬಾರದಿದ್ದರೂ ಹೋದೆ. ಸರಿಯಾಗಿ ಮಾತು ತೆಗೆಯುವ ಹೊತ್ತಿಗೆ ಮಳೆ ಸುರಿಯಿತು. ತಗಡಿನ ಸದ್ದಿನಲ್ಲಿ ಕಿರುಚಿ ಹೇಳುವ ವಿಷಯವೇ ಅದು? ಮುಕ್ಕಾಲು ಗಂಟೆ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತೆವು. ಮಳೆ ನಿಂತ ಮೇಲೆ ಚೀಟಿಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಮುಗಿದ ಮೇಲೆ ಅವರು ಮೊಣಕಾಲು ಉಜ್ಜಿಕೊಂಡರು.

“ಮಾಯ್ ಹತ್ರ ಹೇಳ್ಬಹುದಿತ್ತು” ಎಂದರು. “ಊರಿನ ಅಜ್ಜಿ ಸತ್ತ ಮೇಲಾದ್ರೂ ಹೇಳ್ಬಹುದಿತ್ತು. ನನ್ನ ಹತ್ರ ಹೇಳ್ಬಹುದಿತ್ತು, ಕನ್ನಡದಲ್ಲಿ.”

“ಅಮ್ಮನಿಗೆ ಮಾಡಿದ ಮೋಸ ಬಾಯಿಬಿಟ್ಟು ಹೇಳೋಕೆ ಆಗಿರಲ್ಲ, ಬಾಯಿ.”

“ಹೌದು. ಅದಕ್ಕೆ ಮಾಯ್ ಜೀವನ ಸುಟ್ಟುಕೊಂಡ್ರು, ನಾನೂ ಸುಟ್ಟುಕೊಂಡೆ. ಅದನ್ನು ನಾನು ಬಿಡುವುದಿಲ್ಲ. ಅಲ್ಲಿಗೆ ಹೋದ ಮೇಲೆ ಕೇಳ್ತೇನೆ ಅವರನ್ನು.” ಮತ್ತೆ ಅವರು ಎಂದಿದ್ದರು. ಆಮೇಲೆ ಧ್ವನಿ ಇಳಿಸಿ ಕೇಳಿದರು, “ಹಾಗಾದ್ರೆ ಅಕ್ಕ ಇರಲೇ ಇಲ್ಲ?”

“ಇರ್ಲಿಲ್ಲ, ಬಾಯಿ.”

ಅಳುತ್ತಾರೆಂದು ತಿಳಿದಿದ್ದೆ. ಅಳಲಿಲ್ಲ. ಕುರ್ಚಿಯಲ್ಲಿ ಇನ್ನಷ್ಟು ಚಿಕ್ಕವರಾದಂತೆ ಕಂಡರು. ಆಗ ನಾನು ಕೊನೆಯ ಕಾಗದವನ್ನು ತೆಗೆದೆ. ಅದು ಆ ಹನ್ನೊಂದರಲ್ಲಿ ಸೇರದ್ದು, ಡಬ್ಬದ ತಳದಲ್ಲಿತ್ತು, ಉಳಿದವುಗಳಿಗಿಂತ ಎಷ್ಟೋ ವರ್ಷ ಈಚಿನದು. ನೈರೋಬಿಯಲ್ಲಿ ಮಗಳು ಹುಟ್ಟಿದ ಸುದ್ದಿಯನ್ನು ಲಾರೆನ್ಸ್ ಬರೆದಿದ್ದಕ್ಕೆ ಬಂದ ಉತ್ತರ. “ನಿಮ್ಮ ಮಗಳಿಗೆ ಆಲಿಸ್ ಎಂದು ಹೆಸರಿಟ್ಟಿದ್ದೀರಿ ಎಂದು ಓದಿದೆ. ಹಾಗಾದರೆ ಅವಳು ಕೊನೆಗೂ ಹುಟ್ಟಿದಳು. ನಾನು ಬರೆದ ಹಾಗೆ ಕಣ್ಣು ದೊಡ್ಡವೇ, ಕಪ್ಪೇ? ಒಲೆಯ ಮುಂದೆ ತುಂಬಾ ಹೊತ್ತು ಕೂತಿದ್ದೆ. ಇನ್ನು ನಾನು ಬರೆಯುವುದಿಲ್ಲ, ಇನ್ನು ಬರೆಯಬೇಕಾಗಿಲ್ಲ. ಸಾಲ್ವದೊರನ ಹತ್ತಿರ ಹೋಗಿ ಹೇಳಿ ಬಂದೆ.”

ಆಲಿಸ್ ಬಾಯಿ ಕನ್ನಡಕ ತೆಗೆದರು. ಕಣ್ಣು ದೊಡ್ಡವು, ಪೊರೆ ಬಂದು ನೀಲಿಗಟ್ಟಿದ್ದವು. “ಎಂತ ಹೇಳಿದ್ಲು? ಇನ್ನೊಮ್ಮೆ ಓದು” ಎಂದರು. ಆ ದಿನ ಆ ಒಂದು ಕಾಗದವನ್ನು ನಾಲ್ಕು ಸಲ ಓದಿದೆ.

ಮೆಲಿಸಾ ಪರೀಕ್ಷೆಯಲ್ಲಿ ರಾಜರನ್ನೂ ಕದನಗಳನ್ನೂ ಎರಡು ನಿಮಿಷದಲ್ಲಿ ಮುಗಿಸಿ ಉಳಿದ ಎಂಟು ನಿಮಿಷ ಮಾರಿಯ ಬಗ್ಗೆ ಮಾತಾಡಿದಳಂತೆ. ನಿಗದಿತ ಅಂಶಗಳು ಸಾಲವು ಎಂದು ಅಂಕ ಸ್ವಲ್ಪ ಕಡಿಮೆ ಬಂತು. ನಾನು ಬೈಯಲಿಲ್ಲ.

ಜುಲೈ ಚಳಿಯಲ್ಲಿ ಒಂದು ಬೆಳಿಗ್ಗೆ ಆಲಿಸ್ ಬಾಯಿಯನ್ನು ಕಾರಿನಲ್ಲಿ ಅವರ ಚರ್ಚಿಗೆ ಕರೆದುಕೊಂಡು ಹೋದೆ. ಸತ್ತವರ ಹೆಸರಿನಲ್ಲಿ ಪೂಜೆ ಮಾಡಿಸಲು ಅಲ್ಲಿ ಒಂದು ಫಾರ್ಮ್ ತುಂಬಿಸಬೇಕು. ಹೆಸರನ್ನು ಪಾದ್ರಿ ಎಲ್ಲರೆದುರು ಓದಿ ಹೇಳುತ್ತಾರೆ. ಸಾಲ್ವದೊರನ ಹೆಸರಿನಲ್ಲಿ ಅವನ ಸ್ವಂತದವರು ಯಾರೂ ಎಂದೂ ಪೂಜೆ ಮಾಡಿಸಿರಲಿಲ್ಲ. ಮಾಡಿಸಬೇಕಿದ್ದ ತಾಯಿಗೆ ಅವನು ಸತ್ತದ್ದೇ ತಿಳಿದಿರಲಿಲ್ಲ. ಆಫೀಸಿನ ಹೆಂಗಸು ನಾನು ಬರೆದುಕೊಡುತ್ತೇನೆ ಎಂದರೂ ಬಾಯಿ ಪೆನ್ನು ಬಿಡಲಿಲ್ಲ. ಟೀಚರಿನ ದುಂಡು ಅಕ್ಷರದಲ್ಲಿ, ತೀರಿಕೊಂಡವರು ಎಂಬಲ್ಲಿ ಸಾಲ್ವದೊರ್ ಎಂದೂ ಅದರ ಕೆಳಗೆ ಮಾರಿ ಎಂದೂ ಬರೆದರು. ಕೋರುವವರ ಸಂಬಂಧ ಎಂಬಲ್ಲಿ ಮಗಳು ಎಂದು ಬರೆದರು.

ನಾನು ಬಗ್ಗಿ ಪಿಸುಗುಟ್ಟಿದೆ. “ಬಾಯಿ, ಅಲ್ಲಿ ತಪ್ಪಾಗಿದೆ. ನೀವು ಅಣ್ಣನ ಮಗಳು.”

“ಎಂತ ತಪ್ಪು?” ಎಂದರು ತಲೆ ಎತ್ತದೆ. “ಅವರಿಬ್ಬರಿಗೆ ಒಬ್ಬಳೇ ಮಗಳು. ಆಲಿಸ್ ಅಂತ. ಬೇರೆ ಯಾರಾದ್ರೂ ಇದ್ದಾರಾ ಆ ಹೆಸರಿನವಳು?”

ಪೂಜೆಯ ಹೊತ್ತಿಗೆ ಪಾದ್ರಿ ಚೀಟಿ ಬಿಡಿಸಿ ಎರಡೂ ಹೆಸರು ಓದಿ, ಕೋರಿದವರು ಅವರ ಮಗಳು ಆಲಿಸ್ ಎಂದರು. ಯಾರೂ ಎದ್ದು ನಿಲ್ಲಬೇಕಾದ ಹೊತ್ತು ಅದಾಗಿರಲಿಲ್ಲ. ಮೂರನೆಯ ಸಾಲಿನಲ್ಲಿ ಆಲಿಸ್ ಬಾಯಿ ಕೋಲೂರಿಕೊಂಡು ಎದ್ದು ನಿಂತರು.